ಪುಣೆಯ ಕಂಪನಿ, ಬೆಳಗಾವಿಯ ಮನೆ: ತೆರಿಗೆ ಯಾವ ರಾಜ್ಯಕ್ಕೆ ಸಲ್ಲಬೇಕು?

ಪ್ರಶ್ನೆ: ಮಾರ್ಕಂಡೇಯ ತೀರ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರ ನೌಕರ. ತಾಯಿಯ ಆರೋಗ್ಯದ ಕಾರಣಕ್ಕೆ ಕಂಪನಿಯ ಲಿಖಿತ ಒಪ್ಪಿಗೆ ಪಡೆದು ಕಳೆದ ವರ್ಷ ಊರಿಗೆ ಮರಳಿದೆ. ಈಗ ಟಿಳಕವಾಡಿಯ ಬಾಡಿಗೆ ಮನೆಯಿಂದಲೇ ಪೂರ್ಣಾವಧಿ ಕೆಲಸ ಮಾಡುತ್ತಿದ್ದೇನೆ. ಪುಣೆಯ ಕಚೇರಿಗೆ ಹೋಗುವ ಪ್ರಸಂಗ ಆಮೇಲೆ ಬಂದಿಲ್ಲ. ಆದರೂ ನನ್ನ ಪಗಾರ ಚೀಟಿಯಲ್ಲಿ ಪ್ರತಿ ತಿಂಗಳು 200 ರೂಪಾಯಿ, ಫೆಬ್ರುವರಿಯಲ್ಲಿ 300 ರೂಪಾಯಿ ಮಹಾರಾಷ್ಟ್ರದ ವೃತ್ತಿ ತೆರಿಗೆ ಎಂಬ ಹೆಸರಿನಲ್ಲಿ ಕಡಿತವಾಗುತ್ತಿದೆ. ಪೇರೋಲ್ ವಿಭಾಗದವರನ್ನು ವಿಚಾರಿಸಿದಾಗ, ಕಂಪನಿಯ ನೋಂದಣಿ ಪುಣೆಯಲ್ಲಿರುವುದರಿಂದ ಎಲ್ಲ ನೌಕರರಿಗೂ ಇದೇ ಪದ್ಧತಿ ಎಂದರು.

ನನ್ನ ಅಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದು, ನ್ಯೂಯಾರ್ಕ್‌ನ ಸಂಸ್ಥೆಯೊಂದಕ್ಕೆ ವಾರದ ಬಹುಪಾಲು ಮನೆಯಿಂದಲೇ ಕೆಲಸ ಮಾಡುತ್ತಾರೆ. ಅಲ್ಲಿನ ಕೇಂದ್ರ ಸರ್ಕಾರಕ್ಕೆ ಸಲ್ಲಿಸುವ ರಿಟರ್ನ್ ಅಲ್ಲದೆ ಎರಡೂ ರಾಜ್ಯಗಳಿಗೆ ಪ್ರತ್ಯೇಕ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದು ಅವರಿಗೆ ವರ್ಷವರ್ಷದ ಕೆಲಸ. ನನ್ನ ಸಂಗತಿ ಕೇಳಿದವರೇ, "ನೀ ಕರ್ನಾಟಕದಾಗ ಕುಂತು ಮಹಾರಾಷ್ಟ್ರದ ಪಗಾರ ತಗೋತಿ, ಎರಡೂ ಕಡೆ ತುಂಬೂದು ಬರ್ತೈತೇನೋ, ಯಾರ್ನಾದ್ರೂ ಕೇಳಿ ನೋಡು" ಎಂದರು. ಅಂದಿನಿಂದ ಈ ವಿಚಾರ ತಲೆಯಲ್ಲಿ ಕುಳಿತಿದೆ.

ನಾನು ಕರ್ನಾಟಕಕ್ಕೂ ಆದಾಯ ತೆರಿಗೆ ಸಲ್ಲಿಸಬೇಕೇ? ಮಹಾರಾಷ್ಟ್ರಕ್ಕೆ ಹೋಗುತ್ತಿರುವ ವೃತ್ತಿ ತೆರಿಗೆ ಸರಿಯೇ, ಅಥವಾ ಅದು ಕರ್ನಾಟಕಕ್ಕೆ ಬರಬೇಕೇ? ಮೊತ್ತ ದೊಡ್ಡದಲ್ಲವೆಂಬುದು ನನಗೂ ಗೊತ್ತು. ಆದರೆ ನಾನು ಓಡಾಡುವ ರಸ್ತೆ, ಕುಡಿಯುವ ನೀರು, ತಾಯಿಯನ್ನು ಕರೆದೊಯ್ಯುವ ಸರ್ಕಾರಿ ಆಸ್ಪತ್ರೆ ಎಲ್ಲವೂ ಈ ರಾಜ್ಯದವು. ಇಲ್ಲಿಗೆ ಸಲ್ಲಬೇಕಾದದ್ದಿದ್ದರೆ ಇಲ್ಲಿಗೇ ಸಲ್ಲಲಿ ಎಂಬುದು ನನ್ನ ಮನಸ್ಸಿನಲ್ಲಿದೆ. ಇನ್ನೊಂದು ಮಾತು: ತಾಯಿಯನ್ನು ನೋಡಿಕೊಳ್ಳಲು ಅಕ್ಕ ಮುಂದಿನ ವರ್ಷ ಕೆಲವು ತಿಂಗಳು ಬೆಳಗಾವಿಗೆ ಬಂದು ಇಲ್ಲಿಂದಲೇ ನ್ಯೂಯಾರ್ಕ್‌ನ ಕೆಲಸ ಮುಂದುವರಿಸುವ ಯೋಚನೆಯಲ್ಲಿದ್ದಾರೆ. ಅದರ ತೆರಿಗೆಯ ಬಗ್ಗೆ ತಿಳಿದವರು ಇದ್ದರೆ ದಯವಿಟ್ಟು ಹೇಳಬೇಕು.

ಉತ್ತರ: ಗುಮ್ಮಟನಗರಿ, ವಿಜಯಪುರ

ನಾನು ವಿಜಯಪುರದಲ್ಲಿ ತೆರಿಗೆ ಸಲಹೆಗಾರನಾಗಿ ಕೆಲಸ ಮಾಡುತ್ತೇನೆ. ಕೋವಿಡ್ ನಂತರ ಊರಿಗೆ ಮರಳಿದ ಅನೇಕ ತರುಣರು ಇದೇ ಪ್ರಶ್ನೆ ತರುತ್ತಾರೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲನೆಯ ಚಿಂತೆಯನ್ನು ತಾವು ಪೂರ್ತಿಯಾಗಿ ಬಿಡಬಹುದು. ನಮ್ಮಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಹಾಕುವ ಅಧಿಕಾರ ಯಾವ ರಾಜ್ಯಕ್ಕೂ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರ ಪಟ್ಟಿಯ 82ನೇ ನಮೂದಿನಲ್ಲಿದೆ; ರಾಜ್ಯಗಳಿಗೆ ಉಳಿದಿರುವುದು ರಾಜ್ಯ ಪಟ್ಟಿಯ 46ನೇ ನಮೂದಿನಲ್ಲಿರುವ ಕೃಷಿ ಆದಾಯದ ತೆರಿಗೆ ಮಾತ್ರ. ತಾವು ಪುಣೆಯಲ್ಲಿ ಕುಳಿತು ದುಡಿದರೂ ಬೆಳಗಾವಿಯಲ್ಲಿ ಕುಳಿತು ದುಡಿದರೂ ಟಿಡಿಎಸ್ ಹೋಗುವುದು ಕೇಂದ್ರಕ್ಕೆ, ಸಲ್ಲಿಸುವ ರಿಟರ್ನ್ ಒಂದೇ, ದರವೂ ಒಂದೇ. ಪ್ಯಾನ್ ದಾಖಲೆಯಲ್ಲಿ ಇನ್ನೂ ಪುಣೆಯ ವಿಳಾಸವಿದ್ದರೆ ಬದಲಿಸಿಕೊಳ್ಳಿ. ಅದರಿಂದ ತೆರಿಗೆಯ ಮೊತ್ತ ಬದಲಾಗುವುದಿಲ್ಲ, ಆದರೆ ಇಲಾಖೆಯ ಪತ್ರಗಳು ಸರಿಯಾದ ಮನೆಗೆ ಬರುತ್ತವೆ.

ತಮ್ಮ ಹಣ ಈ ರಾಜ್ಯಕ್ಕೆ ಸಲ್ಲಲಿ ಎಂಬ ಆಸೆ ಒಳ್ಳೆಯದು. ಆದರೆ ಆದಾಯ ತೆರಿಗೆಯ ವಿಷಯದಲ್ಲಿ ಅದು ತಾವು ಎಲ್ಲಿ ಕುಳಿತಿದ್ದೀರಿ ಎಂಬುದನ್ನು ಅವಲಂಬಿಸಿಲ್ಲ. ಹಂಚಿಕೆಗೆ ಒಳಪಡುವ ಕೇಂದ್ರ ತೆರಿಗೆಗಳಲ್ಲಿ ಪ್ರತಿಶತ 41ರಷ್ಟನ್ನು ರಾಜ್ಯಗಳಿಗೆ ಕೊಡಬೇಕೆಂದೂ, ಅದರಲ್ಲಿ ಕರ್ನಾಟಕಕ್ಕೆ ಪ್ರತಿಶತ 3.647 ಸಲ್ಲಬೇಕೆಂದೂ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಿಗದಿ ಮಾಡಿತ್ತು. ಈ ಪಾಲನ್ನು ನಿರ್ಧರಿಸುವುದು ಜನಸಂಖ್ಯೆ, ವಿಸ್ತೀರ್ಣ, ತಲಾ ಆದಾಯದ ಅಂತರ ಮುಂತಾದ ಸೂತ್ರ. ಯಾವ ಊರಿನವರ ಪಗಾರದಿಂದ ಎಷ್ಟು ಕಡಿತವಾಯಿತು ಎಂಬ ಲೆಕ್ಕವಲ್ಲ.

ವೃತ್ತಿ ತೆರಿಗೆಯ ಮಾತು ಬೇರೆ. ಇದು ನಿಜವಾಗಿಯೂ ರಾಜ್ಯದ ತೆರಿಗೆ; ರಾಜ್ಯ ಪಟ್ಟಿಯ 60ನೇ ನಮೂದು ಮತ್ತು ಸಂವಿಧಾನದ 276ನೇ ವಿಧಿ ಇದಕ್ಕೆ ಆಧಾರ. ಸಂಬಳ ನೋಡಿ ಹಾಕುವ ತೆರಿಗೆಯಾದ್ದರಿಂದ ಇದೂ ಆದಾಯ ತೆರಿಗೆಯೇ ಅಲ್ಲವೇ ಎಂಬ ಆಕ್ಷೇಪ ಬಾರದಿರಲೆಂದು, ಆ ಕಾರಣಕ್ಕಾಗಿಯೇ ಇದು ಅಸಿಂಧುವಾಗದು ಎಂದು 276ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅದೇ ವಿಧಿ ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಪಡೆಯಬಹುದಾದ ಗರಿಷ್ಠ ಮೊತ್ತವನ್ನೂ ಗೊತ್ತುಪಡಿಸಿದೆ. ಮೊದಲು 250 ರೂಪಾಯಿ ಇದ್ದ ಆ ಮಿತಿಯನ್ನು 1988ರ 60ನೇ ತಿದ್ದುಪಡಿ 2,500 ರೂಪಾಯಿಗೆ ಏರಿಸಿತು. ಇಂದಿಗೂ ಅದೇ ಇದೆ.

ಕರ್ನಾಟಕದಲ್ಲಿ 1976ರ ಕಾಯಿದೆಯ ಪ್ರಕಾರ, ರಾಜ್ಯದಲ್ಲಿ ವೃತ್ತಿ ನಡೆಸುವವರು, ಹುದ್ದೆ ಹೊಂದಿರುವವರು ಅಥವಾ ಯಾವುದೇ ರೀತಿಯಲ್ಲಿ ಉದ್ಯೋಗದಲ್ಲಿರುವವರು ಈ ತೆರಿಗೆಗೆ ಒಳಪಡುತ್ತಾರೆ. ಇಲ್ಲಿ ಮುಖ್ಯವಾದ ಮಾತು 'ರಾಜ್ಯದಲ್ಲಿ' ಎಂಬುದು. ತಾವು ವರ್ಷವಿಡೀ ಬೆಳಗಾವಿಯಲ್ಲಿ ಕುಳಿತು, ಕಂಪನಿಯ ಲಿಖಿತ ಒಪ್ಪಿಗೆಯೊಂದಿಗೆ ಕೆಲಸ ಮಾಡುತ್ತಿದ್ದರೆ ತಮ್ಮ ಉದ್ಯೋಗ ನಡೆಯುತ್ತಿರುವುದು ಕರ್ನಾಟಕದಲ್ಲಿ. ಆದ್ದರಿಂದ ತೆರಿಗೆ ಇಲ್ಲಿಗೆ ಸಲ್ಲಬೇಕೆಂಬುದೇ ನನ್ನ ಖಚಿತ ಅಭಿಪ್ರಾಯ. ಕಡಿತ ಮಾಡಿ ಕಟ್ಟುವ ಹೊಣೆ ಪಗಾರ ಕೊಡುವವರದು. ಕಂಪನಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯಲ್ಲಿ ವೃತ್ತಿ ತೆರಿಗೆಯ ನೋಂದಣಿ ಪಡೆದು, ಇಲ್ಲಿಂದ ಕೆಲಸ ಮಾಡುವ ನೌಕರರ ಪಾಲನ್ನು ಇಲ್ಲಿಗೆ ಕಟ್ಟಬೇಕು. ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ.

ಹಣದ ಲೆಕ್ಕದಲ್ಲಿ ತಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 2023ರ ಏಪ್ರಿಲ್‌ನಿಂದ ಇಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಪಡೆಯುವವರಿಗೆ 200 ರೂಪಾಯಿ. 2025-26ರಿಂದ ಫೆಬ್ರುವರಿಗೆ ಮಾತ್ರ 300 ರೂಪಾಯಿ. ಅಲ್ಲಿಗೆ ವರ್ಷಕ್ಕೆ 2,500 ಆಗುತ್ತದೆ, ಮಹಾರಾಷ್ಟ್ರದಲ್ಲೂ ಅಷ್ಟೇ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಮೊತ್ತ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಸಿಗುವುದಿಲ್ಲ.

ತಾವು ಬಾಡಿಗೆ ಮನೆಯಲ್ಲಿದ್ದೀರಿ ಎಂದದ್ದರಿಂದ ಇನ್ನೊಂದು ಮಾತು. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಲೆಕ್ಕ ಹಾಕುವಾಗ ನೋಡುವುದು ಬಾಡಿಗೆ ಮನೆ ಇರುವ ಊರನ್ನು, ಕಂಪನಿ ಇರುವ ಊರನ್ನಲ್ಲ. 2025-26ರ ಲೆಕ್ಕಕ್ಕೆ ಬೆಳಗಾವಿಗೂ ಪುಣೆಗೂ ಮೂಲ ವೇತನದ ಪ್ರತಿಶತ 40ರ ಮಿತಿಯೇ ಅನ್ವಯಿಸುವುದರಿಂದ ತಮಗೆ ವ್ಯತ್ಯಾಸವಾಗದು. ಮುಂಬಯಿಯ ಕಂಪನಿಗೆ ಕೆಲಸ ಮಾಡುವವರು ಮಾತ್ರ ಎಚ್ಚರವಹಿಸಬೇಕು: ಮನೆ ಬೆಳಗಾವಿಯಲ್ಲಿದ್ದರೆ ಮುಂಬಯಿಯ ಪ್ರತಿಶತ 50 ಸಿಗದು.

ಉತ್ತರ: ಕಿತ್ತೂರು ನಾಡು, ಬೆಳಗಾವಿ

ಮೇಲಿನವರ ವಿವರಣೆ ಸ್ಪಷ್ಟವಾಗಿದೆ. ಆದರೂ ಪೇರೋಲ್ ಕೆಲಸ ಮಾಡುವವನಾಗಿ ಇನ್ನೊಂದು ಪಕ್ಷದ ವಾದವನ್ನೂ ಮುಂದಿಡುವುದು ಅಗತ್ಯವೆನಿಸಿತು. ಎರಡೂ ರಾಜ್ಯಗಳ ಕಾಯಿದೆಗಳು ಹುಟ್ಟಿದ್ದು ಎಪ್ಪತ್ತರ ದಶಕದಲ್ಲಿ. ಮಹಾರಾಷ್ಟ್ರದ್ದು 1975ರದು, ನಮ್ಮದು 1976ರದು. ನೌಕರ ಒಂದು ರಾಜ್ಯದಲ್ಲೂ ಕಚೇರಿ ಇನ್ನೊಂದು ರಾಜ್ಯದಲ್ಲೂ ಇದ್ದು ದಿನನಿತ್ಯದ ಕೆಲಸ ನಡೆಯುವ ಕಲ್ಪನೆ ಅಂದು ಯಾರಿಗೂ ಇರಲಿಲ್ಲ. ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳ ಪುಣೆ ಎಂದೇ ಇದ್ದರೆ, ಹಾಜರಿಯೂ ಬಡ್ತಿಯೂ ಅಲ್ಲಿನ ಕಚೇರಿಯ ಲೆಕ್ಕದಲ್ಲೇ ನಡೆಯುತ್ತಿದ್ದರೆ, ಈ ವ್ಯಕ್ತಿಯ ಹುದ್ದೆ ಇರುವುದು ಪುಣೆಯಲ್ಲಿ, ಆತ ಮನೆಯಲ್ಲಿ ಕುಳಿತಿರುವುದು ತಾತ್ಕಾಲಿಕ ಅನುಕೂಲ ಮಾತ್ರ ಎಂದು ಕಂಪನಿ ವಾದಿಸಬಹುದು. ವಾರಕ್ಕೆ ಎರಡು ದಿನವಾದರೂ ಪುಣೆಗೆ ಹೋಗಿಬರುವವರ ವಿಷಯದಲ್ಲಿ ಈ ವಾದಕ್ಕೆ ಇನ್ನೂ ಹೆಚ್ಚು ಬಲವಿದೆ.

ಆದ್ದರಿಂದ ಮಾರ್ಕಂಡೇಯ ತೀರ ಅವರು ಮೊದಲು ಮಾಡಬೇಕಾದ ಕೆಲಸ ತೆರಿಗೆಯ ವಾದವಲ್ಲ, ಕಾಗದದ ತಿದ್ದುಪಡಿ. ಕೆಲಸದ ಸ್ಥಳ ಬೆಳಗಾವಿ, ಕರ್ನಾಟಕ ಎಂದು ನಮೂದಿಸಿದ ಪತ್ರವನ್ನು ಕಂಪನಿಯಿಂದ ಪಡೆಯಬೇಕು. ಅದಿಲ್ಲದೆ ಕಡಿತವನ್ನು ಮಾತ್ರ ಬದಲಿಸಿರೆಂದು ಕೇಳಿದರೆ ಪೇರೋಲ್ ವಿಭಾಗದವರು ಯಾವ ಆಧಾರದ ಮೇಲೆ ಬದಲಿಸಿಯಾರು? 276ನೇ ವಿಧಿಯ 2,500 ರೂಪಾಯಿಯ ಮಿತಿ ಒಂದೊಂದು ರಾಜ್ಯಕ್ಕೆ ಪ್ರತ್ಯೇಕವಾದದ್ದು ಎಂಬುದನ್ನೂ ಗಮನಿಸಬೇಕು. ಎರಡು ರಾಜ್ಯಗಳು ಒಬ್ಬನಿಂದಲೇ ಕೇಳಿದರೆ ಆ ಮಿತಿಯೊಂದೇ ರಕ್ಷಣೆ ಕೊಡದು, ರಕ್ಷಣೆ ಕೊಡುವುದು ಸ್ಪಷ್ಟವಾದ ಕಾಗದ.

ಉತ್ತರ: ಘಟಪ್ರಭೆ, ಬಾಗಲಕೋಟೆ

ನಾನು ಬಹಳ ವರ್ಷ ನ್ಯೂಜೆರ್ಸಿಯಲ್ಲಿದ್ದು ಈಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನೆಲೆಸಿದ್ದೇನೆ. ಅಕ್ಕನವರ ವಿಷಯಕ್ಕೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಅಮೆರಿಕದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೂ ಇದೆ. ಟೆಕ್ಸಾಸ್, ಫ್ಲೋರಿಡಾ, ವಾಷಿಂಗ್ಟನ್, ನೆವಾಡಾ, ಟೆನೆಸ್ಸಿ, ನ್ಯೂ ಹ್ಯಾಂಪ್‌ಶೈರ್, ಅಲಾಸ್ಕಾ, ವಯೋಮಿಂಗ್, ಸೌತ್ ಡಕೋಟಾ ಎಂಬ 9 ರಾಜ್ಯಗಳು ಮಾತ್ರ ಸಂಬಳದ ಮೇಲೆ ತೆರಿಗೆ ಹಾಕುವುದಿಲ್ಲ. ಉಳಿದ ಕಡೆ ಸಾಮಾನ್ಯ ನಿಯಮವೆಂದರೆ, ವಾಸವಿರುವ ರಾಜ್ಯ ವ್ಯಕ್ತಿಯ ಎಲ್ಲ ಆದಾಯದ ಮೇಲೂ ತೆರಿಗೆ ಕೇಳುತ್ತದೆ. ಹೊರಗಿನಿಂದ ಬಂದು ದುಡಿದವರಿಂದ ಕೆಲಸ ನಡೆದ ರಾಜ್ಯ ತನ್ನ ನೆಲದಲ್ಲಿ ನಡೆದ ಕೆಲಸದ ಮಟ್ಟಿಗೆ ಕೇಳುತ್ತದೆ. ಒಂದೇ ಸಂಬಳಕ್ಕೆ ಎರಡು ಸಲ ಹೊರೆ ಬೀಳದಂತೆ, ಹೊರರಾಜ್ಯಕ್ಕೆ ಕಟ್ಟಿದ್ದನ್ನು ವಾಸದ ರಾಜ್ಯ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ, ಆದರೆ ಅದೇ ಆದಾಯಕ್ಕೆ ತಾನು ಹಾಕುತ್ತಿದ್ದ ತೆರಿಗೆಯ ಮಿತಿಯೊಳಗೆ ಮಾತ್ರ.

ಈ ಸಾಮಾನ್ಯ ನಿಯಮಕ್ಕೆ ನ್ಯೂಯಾರ್ಕ್ ದೊಡ್ಡ ಅಪವಾದ. ಅಲ್ಲಿನ ಕಚೇರಿಗೆ ನಿಯೋಜಿತನಾದ ನೌಕರ ತನ್ನ ಸ್ವಂತ ಅನುಕೂಲಕ್ಕಾಗಿ ಹೊರರಾಜ್ಯದ ಮನೆಯಲ್ಲಿ ಕುಳಿತು ಕೆಲಸ ಮಾಡಿದರೆ ಆ ದಿನಗಳನ್ನೂ ನ್ಯೂಯಾರ್ಕ್‌ನಲ್ಲಿ ದುಡಿದ ದಿನಗಳೆಂದೇ ಪರಿಗಣಿಸುತ್ತಾರೆ. ಉದ್ಯೋಗದಾತನ ಅಗತ್ಯದಿಂದಲೇ ಹೊರಗೆ ಕೆಲಸ ಮಾಡಬೇಕಾಯಿತು ಎಂದು ಸಿದ್ಧಪಡಿಸಿದರೆ ಮಾತ್ರ ವಿನಾಯಿತಿ, ಮತ್ತು ಆ ಪರೀಕ್ಷೆ ಕಠಿಣವಾದದ್ದು. ಅಕ್ಕನವರು ಎರಡು ರಿಟರ್ನ್ ಸಲ್ಲಿಸುತ್ತಿರುವುದಕ್ಕೆ ಇದೇ ಕಾರಣವಿರಬೇಕು: ನ್ಯೂಯಾರ್ಕ್‌ಗೆ ಅನಿವಾಸಿಯಾಗಿ ಒಂದು, ನ್ಯೂಜೆರ್ಸಿಗೆ ನಿವಾಸಿಯಾಗಿ ಇನ್ನೊಂದು. ತಮ್ಮ ನಿವಾಸಿಗಳ ತೆರಿಗೆ ಹೀಗೆ ಪಕ್ಕದ ರಾಜ್ಯಕ್ಕೆ ಹರಿದುಹೋಗುವುದನ್ನು ಕಂಡು ನ್ಯೂಜೆರ್ಸಿ 2023ರಲ್ಲಿ, ಅಂಥದೇ ನಿಯಮವಿರುವ ರಾಜ್ಯಗಳ ನಿವಾಸಿಗಳಿಗೆ ಅನ್ವಯಿಸುವಂತೆ ತಾನೂ ಪ್ರತಿನಿಯಮ ಮಾಡಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಲ್ಲೇ ಇದೆ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾಗಳ ನಡುವೆ ಪರಸ್ಪರ ಒಪ್ಪಂದವಿರುವುದರಿಂದ ಒಂದರಲ್ಲಿದ್ದು ಇನ್ನೊಂದರಲ್ಲಿ ದುಡಿಯುವವರು ಸಂಬಳಕ್ಕೆ ವಾಸದ ರಾಜ್ಯಕ್ಕೆ ಮಾತ್ರ ತೆರಿಗೆ ಕಟ್ಟಿದರೆ ಸಾಕು.

ಕೋವಿಡ್ ಕಾಲದಲ್ಲಿ ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೊದಲು ತನ್ನಲ್ಲಿಗೆ ಬಂದು ದುಡಿಯುತ್ತಿದ್ದು, ಸೋಂಕಿನ ಕಾರಣ ನ್ಯೂ ಹ್ಯಾಂಪ್‌ಶೈರ್‌ನ ಮನೆಗಳಲ್ಲಿ ಉಳಿದವರಿಂದ ಮ್ಯಾಸಚೂಸೆಟ್ಸ್ ತೆರಿಗೆ ಪಡೆಯುವುದನ್ನು ಮುಂದುವರಿಸಿದಾಗ, ಸಂಬಳದ ತೆರಿಗೆಯೇ ಇಲ್ಲದ ನ್ಯೂ ಹ್ಯಾಂಪ್‌ಶೈರ್ 2020ರಲ್ಲಿ ನೇರವಾಗಿ ಆ ನ್ಯಾಯಾಲಯದ ಮೊರೆಹೋಯಿತು. 2021ರ ಜೂನ್‌ನಲ್ಲಿ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಮೂಲಪ್ರಶ್ನೆಗೆ ಆ ನ್ಯಾಯಾಲಯದ ಉತ್ತರ ಹಾಗಾಗಿ ಸಿಗಲೇ ಇಲ್ಲ.

ಈಗ ಬೆಳಗಾವಿಗೆ ಬರುವ ವಿಚಾರ. ಭಾರತದ ನೆಲದಲ್ಲಿ ಕುಳಿತು ಮಾಡಿದ ಕೆಲಸದ ಸಂಬಳ, ಅದು ಅಮೆರಿಕದ ಬ್ಯಾಂಕಿಗೆ ಜಮೆಯಾದರೂ, ಭಾರತದಲ್ಲಿ ಹುಟ್ಟಿದ ಆದಾಯವೇ ಆಗುತ್ತದೆ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ 16ನೇ ವಿಧಿ ಇಲ್ಲಿ ಸಹಾಯಕ್ಕೆ ಬರುತ್ತದೆ: ಅಮೆರಿಕದ ನಿವಾಸಿಯಾಗಿದ್ದು, ತೆರಿಗೆ ವರ್ಷದಲ್ಲಿ ಇಲ್ಲಿರುವ ದಿನಗಳು 183ನ್ನು ಮೀರದೆ, ಸಂಬಳ ಕೊಡುವವರು ಭಾರತದ ನಿವಾಸಿಯಾಗಿರದೆ, ಆ ಸಂಬಳದ ಖರ್ಚನ್ನು ಇಲ್ಲಿನ ಯಾವುದೇ ಶಾಖೆ ಹೊರದೆ ಇದ್ದರೆ ಇಲ್ಲಿ ಆ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ನಮ್ಮ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂಬುದನ್ನು ನೆನಪಿಟ್ಟು ದಿನಗಳನ್ನು ಎಣಿಸಬೇಕು. ನಮ್ಮ ದೇಶದ ಕಾನೂನಿನಲ್ಲಿ ನಿವಾಸಿ ಎನಿಸಿಕೊಳ್ಳುವುದಕ್ಕೆ ಬೇರೆಯೇ ದಿನಗಣನೆ ಇದೆ. ಸಾಮಾನ್ಯವಾಗಿ ಅದು 182 ದಿನ. ವಿದೇಶಿ ಮೂಲದ್ದನ್ನು ಬಿಟ್ಟ ಆದಾಯ 15 ಲಕ್ಷ ಮೀರಿದ, ಭೇಟಿಗಾಗಿ ಬಂದ ಭಾರತೀಯರಿಗೆ 120 ದಿನಕ್ಕೂ ಇಳಿಯಬಹುದು. ಆದ್ದರಿಂದ ಟಿಕೆಟ್ ಮಾಡಿಸುವ ಮುನ್ನವೇ ಲೆಕ್ಕ ಹಾಕಿಕೊಳ್ಳಲಿ. ಒಪ್ಪಂದದ ಲಾಭಕ್ಕೆ ಅಮೆರಿಕದ ತೆರಿಗೆ ಇಲಾಖೆ ಕೊಡುವ ನಿವಾಸ ಪ್ರಮಾಣಪತ್ರ, ಅಂದರೆ ಫಾರ್ಮ್ 6166, ಬೇಕಾಗುತ್ತದೆ. ಅದು ಕೈಸೇರಲು ಸಮಯ ಹಿಡಿಯುವುದರಿಂದ ಬೇಗನೆ ಅರ್ಜಿ ಹಾಕುವುದು ಒಳ್ಳೆಯದು.

ಆ ಒಪ್ಪಂದ ಅಮೆರಿಕದ ಕೇಂದ್ರ ತೆರಿಗೆಗೆ ಮಾತ್ರ ಸಂಬಂಧಿಸಿದ್ದು. ಅಲ್ಲಿನ ರಾಜ್ಯಗಳನ್ನು ಅದು ಕಟ್ಟಿಹಾಕುವುದಿಲ್ಲ. ತಾಯಿಯ ಆರೈಕೆಗಾಗಿ ಬೆಳಗಾವಿಯಿಂದ ದುಡಿದ ದಿನಗಳೂ ನ್ಯೂಯಾರ್ಕ್‌ನ ದೃಷ್ಟಿಯಲ್ಲಿ ನೌಕರರ ಅನುಕೂಲದ ದಿನಗಳೇ. ಆದ್ದರಿಂದ ಅಲ್ಲಿನ ಎರಡು ರಿಟರ್ನ್‌ಗಳ ವ್ಯವಸ್ಥೆ ಹಾಗೆಯೇ ಮುಂದುವರಿಯುತ್ತದೆಂದು ತಿಳಿದು ಯೋಜನೆ ಮಾಡಿಕೊಳ್ಳಬೇಕು.

ಉತ್ತರ: ಕೃಷ್ಣಾ ದಂಡೆ, ಜಮಖಂಡಿ

ಮೇಲಿನವರು ವೃತ್ತಿ ತೆರಿಗೆಯಲ್ಲಿ ಲಾಭನಷ್ಟವಿಲ್ಲವೆಂದು ಬರೆದಿದ್ದಾರೆ. ದೊಡ್ಡ ಪಗಾರದವರಿಗೆ ಅದು ನಿಜ. ಆದರೆ ನನ್ನ ತಮ್ಮ ಜಮಖಂಡಿಯ ಮನೆಯಿಂದಲೇ ಕೊಲ್ಹಾಪುರದ ಒಂದು ವ್ಯಾಪಾರಿ ಸಂಸ್ಥೆಯ ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾನೆ. ಪಗಾರ 18,000 ರೂಪಾಯಿ. ಅವನಿಗೂ ಮಹಾರಾಷ್ಟ್ರದ ಲೆಕ್ಕದಲ್ಲಿ 200 ರೂಪಾಯಿ ಕಡಿತವಾಗುತ್ತದೆ. ಕರ್ನಾಟಕದಲ್ಲಾದರೆ 25,000ಕ್ಕಿಂತ ಕಡಿಮೆ ಇರುವವರಿಗೆ ಏನೂ ಇಲ್ಲ. ವರ್ಷಕ್ಕೆ 2,500 ರೂಪಾಯಿ ಎಂದರೆ ಅವನ ಮನೆಯಲ್ಲಿ ಎರಡು ಮಕ್ಕಳ ಶಾಲೆಯ ಪುಸ್ತಕ, ಸಮವಸ್ತ್ರದ ಖರ್ಚು. ಇಂಥವರ ಪರವಾಗಿ ಯಾರೂ ಕೇಳುವುದಿಲ್ಲ, ಅವರಿಗೂ ತಿಳಿದಿರುವುದಿಲ್ಲ. ಕಡಿಮೆ ಸಂಬಳದವರಿಗಾಗಿ ಈ ರಾಜ್ಯ ಬಿಟ್ಟುಕೊಟ್ಟದ್ದನ್ನು ಗಡಿಯಾಚೆಗಿನ ಪದ್ಧತಿ ಹೀಗೆ ಕಿತ್ತುಕೊಳ್ಳುವುದು ನ್ಯಾಯವೇ?

ಉತ್ತರ: ಗುಮ್ಮಟನಗರಿ, ವಿಜಯಪುರ

ಜಮಖಂಡಿಯವರು ಎತ್ತಿದ್ದು ಈ ಚರ್ಚೆಯಲ್ಲೇ ಅತ್ಯಂತ ಮುಖ್ಯವಾದ ಸಂಗತಿ. ಮಹಾರಾಷ್ಟ್ರದಲ್ಲಿ ಪುರುಷರಿಗೆ ತಿಂಗಳಿಗೆ 7,500 ರೂಪಾಯಿಯವರೆಗೆ ಮಾತ್ರ ವಿನಾಯಿತಿ. 10,000 ದಾಟಿದರೆ ಪೂರ್ತಿ ತೆರಿಗೆ. ಮಹಿಳೆಯರಿಗೆ 2023ರ ಏಪ್ರಿಲ್‌ನಿಂದ 25,000ದವರೆಗೆ ವಿನಾಯಿತಿ ಇದೆ. ಹೀಗಾಗಿ 10,000 ಮತ್ತು 25,000ದ ನಡುವೆ ಪಗಾರವಿದ್ದು, ನಮ್ಮ ಗಡಿ ತಾಲೂಕುಗಳಿಂದ ಮಹಾರಾಷ್ಟ್ರದವರಿಗೆ ಕೆಲಸ ಮಾಡುವ ಪುರುಷರಿಗೆ ಈ ಕಡಿತ ನಿಜವಾದ ಹೊರೆ.

ಒಂದು ಸಮಾಧಾನವೆಂದರೆ, ಇಂಥವರ ವಿಷಯದಲ್ಲಿ ಉದ್ಯೋಗದಾತನ ಕೆಲಸ ಸುಲಭ. ಕರ್ನಾಟಕದಲ್ಲಿ ಅವರಿಗೆ ತೆರಿಗೆಯೇ ಇಲ್ಲದಿರುವುದರಿಂದ ಇಲ್ಲಿಗೆ ಕಟ್ಟುವ ಪ್ರಶ್ನೆ ಬರುವುದಿಲ್ಲ. ಕೆಲಸದ ಸ್ಥಳ ಜಮಖಂಡಿ ಎಂದು ದಾಖಲಿಸಿ ಅಲ್ಲಿನ ಕಡಿತವನ್ನು ನಿಲ್ಲಿಸಿದರೆ ಸಾಕು. ತಮ್ಮನವರು ಸಂಸ್ಥೆಗೆ ಒಂದು ಪುಟದ ಮನವಿ ಬರೆಯಲಿ, ಅದಕ್ಕೆ ಆಧಾರ್ ಅಥವಾ ರೇಷನ್ ಕಾರ್ಡಿನ ಪ್ರತಿ ಲಗತ್ತಿಸಲಿ. ಭಾಷೆಯ ತೊಡಕಿದ್ದರೆ ನಾನು ಮರಾಠಿಯಲ್ಲಿ ಕರಡು ಮಾಡಿಕೊಡುತ್ತೇನೆ, ಶುಲ್ಕ ಬೇಡ.

ನೌಕರನೆಂದಲ್ಲದೆ ಸಲಹೆಗಾರನೆಂಬ ಕರಾರಿನ ಮೇಲೆ ದುಡಿಯುವವರಿಗೆ ಇವೆಲ್ಲ ಅನ್ವಯಿಸದು. ಅವರ ಪರವಾಗಿ ಕಟ್ಟುವವರು ಯಾರೂ ಇಲ್ಲದ್ದರಿಂದ, ಕಾಯಿದೆಯ ಪಟ್ಟಿಯಲ್ಲಿರುವ ವೃತ್ತಿಯವರಾಗಿದ್ದರೆ ತಾವೇ ಕರ್ನಾಟಕದಲ್ಲಿ ಹೆಸರು ದಾಖಲಿಸಿ, ಏಪ್ರಿಲ್ 30ರೊಳಗೆ ವರ್ಷದ 2,500 ಕಟ್ಟಬೇಕು. ಹೊರರಾಜ್ಯದ ಗ್ರಾಹಕರಿದ್ದರೂ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ಪ್ರಶ್ನೆ ಕೇಳಿದವರು: ಮಾರ್ಕಂಡೇಯ ತೀರ, ಬೆಳಗಾವಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಘಟಪ್ರಭೆಯವರ ಉತ್ತರವನ್ನು ಅಕ್ಕನಿಗೆ ಕಳಿಸಿದ್ದೇನೆ. 183 ದಿನಗಳ ಲೆಕ್ಕವನ್ನು ಏಪ್ರಿಲ್‌ನಿಂದ ಹಾಕಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಕೊನೆಯದಾಗಿ ಒಂದು ಸಂದೇಹ: ಕಳೆದ ವರ್ಷ ಮಹಾರಾಷ್ಟ್ರಕ್ಕೆ ಹೋಗಿಬಿಟ್ಟ ಹಣದ ಬಗ್ಗೆ ಏನು ಮಾಡಬೇಕು?

ಉತ್ತರ: ಕಿತ್ತೂರು ನಾಡು, ಬೆಳಗಾವಿ

ಅದನ್ನು ಕೆದಕುವ ಮೊದಲು ಮುಂದಿನದನ್ನು ಸರಿಪಡಿಸಿಕೊಳ್ಳುವುದು ಜಾಣತನ. ಹಣಕಾಸು ವರ್ಷದ ಆರಂಭಕ್ಕೆ, ಅಂದರೆ ಏಪ್ರಿಲ್ ತಿಂಗಳ ಪಗಾರದಿಂದಲೇ ಅನ್ವಯವಾಗುವಂತೆ ಬದಲಾವಣೆ ಕೇಳಿ. ವರ್ಷದ ನಡುವೆ ಬದಲಿಸಿದರೆ ಫೆಬ್ರುವರಿಯ 300 ರೂಪಾಯಿಯ ಲೆಕ್ಕದಲ್ಲಿ ಗೊಂದಲವಾಗುತ್ತದೆ. ಮನವಿಯೊಂದಿಗೆ ಮನೆಯಿಂದ ಕೆಲಸ ಮಾಡಲು ಕೊಟ್ಟ ಒಪ್ಪಿಗೆ ಪತ್ರ, ಬಾಡಿಗೆ ಕರಾರು, ಹೆಸ್ಕಾಂ ಬಿಲ್ಲಿನ ಪ್ರತಿ ಇವುಗಳನ್ನು ಲಗತ್ತಿಸಿ, ತಮ್ಮಂತೆ ಕರ್ನಾಟಕದಿಂದ ದುಡಿಯುವ ಸಹೋದ್ಯೋಗಿಗಳು ಇದ್ದರೆ ಒಟ್ಟಾಗಿ ಸಹಿ ಮಾಡಿ. ಒಬ್ಬರಿಗಾಗಿ ಹೊಸ ರಾಜ್ಯದಲ್ಲಿ ನೋಂದಣಿ ಮಾಡಿಸಲು ಹಿಂಜರಿಯುವ ಕಂಪನಿ ಹತ್ತು ಜನ ಕೇಳಿದಾಗ ಒಪ್ಪಿದ್ದನ್ನು ನಾನು ಈ ಕೆಲಸದಲ್ಲಿ ಕಂಡಿದ್ದೇನೆ. ಹಳೆಯ ಪಗಾರ ಚೀಟಿಗಳನ್ನು ಮಾತ್ರ ಜೋಪಾನವಾಗಿಡಿ. ಆ ಅವಧಿಯ ಬಗ್ಗೆ ನಾಳೆ ಇಲ್ಲಿನ ಇಲಾಖೆ ವಿಚಾರಿಸಿದರೆ, ತೆರಿಗೆ ತಪ್ಪಿಸಿಕೊಂಡಿಲ್ಲ, ಕಂಪನಿ ಅದನ್ನು ಪಕ್ಕದ ರಾಜ್ಯಕ್ಕೆ ಕಟ್ಟಿತ್ತು ಎಂದು ತೋರಿಸಲು ತಮ್ಮ ಕೈಯಲ್ಲಿರುವ ದಾಖಲೆ ಅದೇ.